ಕುಪಾಲಾ ರಾತ್ರಿಯನ್ನು ಕ್ಯಾನ್ವಾಸಿಗೆ ತರುವುದು ಹೇಗೆ

ಪೋಲೆಂಡ್, ಉಕ್ರೇನ್, ರಷ್ಯಾ ಕಡೆಯ ಸ್ಲಾವ್ ಜನರಿಗೆ ಕುಪಾಲಾ ರಾತ್ರಿ ಅಂತ ಒಂದು ನಡುಬೇಸಿಗೆಯ ಹಬ್ಬ ಇದೆ. ಆ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಒಂದೇ ಚಿತ್ರ ಮತ್ತೆ ಮತ್ತೆ ಸಿಗುತ್ತದೆ. ಬಿಳಿ ಬಟ್ಟೆ ತೊಟ್ಟ ಹುಡುಗಿ, ತಲೆ ಮೇಲೆ ಹೂವಿನ ಸಿಂಬೆ, ಹಿಂದೆ ಕಡುಗಪ್ಪು ಆಕಾಶ, ನಡುನೆತ್ತಿಯಲ್ಲಿ ಹುಣ್ಣಿಮೆ ಚಂದ್ರ. ನಿಜವಾದ ಆ ರಾತ್ರಿ ಹೀಗಿರುವುದಿಲ್ಲ. ಅಲ್ಲಿ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಚಂದ್ರ ನೆತ್ತಿಗೆ ಏರುವುದಿಲ್ಲ. ಬೆಂಕಿಯಿಂದ ದೂರ ಹೋದರೆ ಸಿಂಬೆಯ ಕೆಂಪು ಹೂ ಕೆಂಪಾಗಿ ಕಾಣುವುದೂ ಇಲ್ಲ.

ನಾನು ಮಲೆನಾಡಿನ ಸಾಗರದ ಕಡೆಯವಳು. ಈಗ ಇರುವುದು ಪೋಲೆಂಡಿನ ಕ್ರಾಕೋವ್‌ನಲ್ಲಿ, ವಿಸ್ವಾ ನದಿಗೆ ಹತ್ತಿರ. ಜೂನ್ ಬಂದರೆ ವಾವೆಲ್ ಕೋಟೆಯ ಕೆಳಗಿನ ನದಿ ದಂಡೆಯಲ್ಲಿ ಹೂವಿನ ಸಿಂಬೆಗಳ ಹಬ್ಬ ನಡೆಯುತ್ತದೆ. ಬಣ್ಣ ಹಚ್ಚುವುದು ನನ್ನ ಕೆಲಸ, ಹಾಗಾಗಿ ಈ ಹಬ್ಬ ನನ್ನನ್ನು ಬಿಡದೆ ಹಿಡಿದುಕೊಂಡಿದೆ. ಊರಿನಲ್ಲಿರುವ ಚಿತ್ರ ಬರೆಯುವ ಗೆಳತಿಯರು ಆಗಾಗ ಕೇಳುತ್ತಾರೆ, ಇದನ್ನು ಎಲ್ಲಿಂದ ಶುರು ಮಾಡುವುದು ಅಂತ. ನಾನು ಹೇಳುವುದು ಇಷ್ಟೇ. ಬಟ್ಟೆ, ಕಸೂತಿ ಆಮೇಲೆ ನೋಡೋಣ, ಮೊದಲು ಬೆಳಕನ್ನು ಹಿಡಿಯಿರಿ. ಅದು ಸರಿಯಾದರೆ ಒಬ್ಬ ಮನುಷ್ಯನನ್ನೂ ಬರೆಯದೆ ಆ ರಾತ್ರಿಯನ್ನು ಕಾಣಿಸಬಹುದು.

ಹಬ್ಬ ಗೊತ್ತಿಲ್ಲದವರಿಗೆ ಎರಡು ಮಾತು. ಬೇಸಿಗೆಯ ನಡುವೆ, ಹಗಲು ಅತಿ ಉದ್ದವಾಗಿರುವ ಹೊತ್ತಿನಲ್ಲಿ, ಸ್ಲಾವ್ ಜನ ನದಿ ದಂಡೆಯಲ್ಲಿ ಕಿಚ್ಚು ಹಾಕುತ್ತಾರೆ. ಹುಡುಗ ಹುಡುಗಿಯರು ಕೈ ಹಿಡಿದು ಅದರ ಮೇಲೆ ಹಾರುತ್ತಾರೆ. ಹುಡುಗಿಯರು ಹೂವಿನ ಸಿಂಬೆ ಕಟ್ಟಿ, ನಡುವೆ ಮೇಣದಬತ್ತಿ ಇಟ್ಟು ನೀರಿಗೆ ಬಿಡುತ್ತಾರೆ. ಕೆಲವು ಕಡೆ ಕಂಬದ ತುದಿಗೆ ಹಳೇ ಗಾಡಿ ಚಕ್ರ ಕಟ್ಟಿ ಸುಡುತ್ತಾರೆ. ಕೆಲವು ಕಡೆ ಮರೇನಾ ಎಂಬ ಹುಲ್ಲಿನ ಬೊಂಬೆಯನ್ನು ನದಿಗೆ ಎಸೆಯುತ್ತಾರೆ. ಔಷಧಿ ಗಿಡ ಕೀಳುವುದು, ಬೆಳಗಿನ ಇಬ್ಬನಿಯಲ್ಲಿ ಮುಖ ತೊಳೆಯುವುದು, ಕಾಡಿನಲ್ಲಿ ಜರೀಗಿಡದ ಹೂ ಹುಡುಕುವುದು ಎಲ್ಲ ಇದೆ. ರಾತ್ರಿ ಯಾರೂ ಮಲಗುವುದಿಲ್ಲ. ಕ್ರೈಸ್ತ ಧರ್ಮ ಬಂದ ಮೇಲೆ ಇದು ಸಂತ ಯೋಹಾನನ ಹಬ್ಬಕ್ಕೆ ಅಂಟಿಕೊಂಡಿತು. ಆದರೆ ಪಾದ್ರಿಗಳಿಗೆ ಇದು ಇಷ್ಟವಾಗಲಿಲ್ಲ. ಮಾಸ್ಕೋದಲ್ಲಿ 1551ರಲ್ಲಿ ಸೇರಿದ ಚರ್ಚಿನ ಸಭೆ ಈ ರಾತ್ರಿಯ ಹಾಡು, ಕುಣಿತ, ಬೆಳಗಿನ ಜಾವ ಕೂಗುತ್ತಾ ನದಿಗೆ ಹೋಗುವುದು ಎಲ್ಲವನ್ನೂ ಬಯ್ದು ಬರೆದಿಟ್ಟಿದೆ. ಬಯ್ಯುವ ನೆಪದಲ್ಲಿ ಒಂದು ಒಳ್ಳೆಯ ವರ್ಣನೆ ನಮಗೆ ಉಳಿಯಿತು.

ಮೊದಲು ಒಂದು ಊರು ಆರಿಸಿಕೊಳ್ಳಿ

"ಸ್ಲಾವಿಕ್" ಅಂತ ಒಟ್ಟಾರೆ ಬರೆಯಲು ಹೋಗಬೇಡಿ. ಪೋಲೆಂಡ್, ಉಕ್ರೇನ್, ಬೆಲಾರೂಸ್, ರಷ್ಯಾ, ಬಲ್ಗೇರಿಯಾ ಎಲ್ಲ ಕಡೆ ಈ ಹಬ್ಬ ಇದೆ, ಒಂದೊಂದು ಕಡೆ ಒಂದೊಂದು ರೀತಿ. ಪೋಲೆಂಡಿನಲ್ಲಿ ಜೂನ್ 23ರ ರಾತ್ರಿ. ಬೆಲಾರೂಸ್, ರಷ್ಯಾದಲ್ಲಿ ಹಳೇ ಪಂಚಾಂಗದ ಪ್ರಕಾರ ಜುಲೈ 6ರ ರಾತ್ರಿ. ಉಕ್ರೇನಿನಲ್ಲೂ ಮೊದಲು ಜುಲೈ ಆಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಆರ್ಥೊಡಾಕ್ಸ್ ಚರ್ಚ್ ಹೊಸ ಪಂಚಾಂಗಕ್ಕೆ ಬದಲಾಯಿತು, ಅಲ್ಲಿಂದ ಚರ್ಚಿನ ಲೆಕ್ಕದಲ್ಲಿ ಅಲ್ಲೂ ಜೂನ್.

ಊರು ಆರಿಸಿದರೆ ಎಷ್ಟೋ ವಿಷಯ ತಾನಾಗಿ ತೀರ್ಮಾನವಾಗುತ್ತದೆ. ಉಕ್ರೇನಿನ ಪೋಲ್ತಾವಾ ಕಡೆ ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಕಸೂತಿ ಪ್ರಸಿದ್ಧ. ಹಗಲಲ್ಲಿ ದೂರದಿಂದ ಅದು ಕಾಣುವುದೇ ಇಲ್ಲ. ಬೆಂಕಿಯ ಬೆಳಕು ಪಕ್ಕದಿಂದ ಬಿದ್ದಾಗ ಉಬ್ಬಿದ ದಾರ ಒಂದು ಬದಿ ಹೊಳೆದು ಇನ್ನೊಂದು ಬದಿ ನೆರಳಾಗುತ್ತದೆ, ಆಗ ಇಡೀ ತೋಳು ಜೀವ ಪಡೆಯುತ್ತದೆ. ಬೋರ್ಶ್‌ಚೀವ್ ಎಂಬ ಇನ್ನೊಂದು ಉಕ್ರೇನ್ ಊರಿನ ಕಡೆಯ ಅಂಗಿಗಳಲ್ಲಿ ತೋಳು ತುಂಬ ಕಪ್ಪು ಉಣ್ಣೆ ದಾರ. ಅದನ್ನು ರಾತ್ರಿಯಲ್ಲಿ ಬರೆದರೆ ತೋಳೇ ಕತ್ತಲಲ್ಲಿ ಕರಗಿ ಬರೀ ಕೈ ಮಾತ್ರ ಉಳಿಯುತ್ತದೆ. ಎರಡೂ ಒಳ್ಳೆಯ ಚಿತ್ರಗಳೇ. ಆದರೆ ಒಂದೇ ಹುಡುಗಿಯ ಮೈಮೇಲೆ ಎರಡನ್ನೂ ಹಾಕಿದರೆ ಅದು ನಾಟಕದ ಕಂಪನಿಯ ಪೆಟ್ಟಿಗೆಯಾಗುತ್ತದೆ.

ಇನ್ನೊಂದು ಎಚ್ಚರಿಕೆ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಎಂಟು ಬಾಗಿದ ಕಾಲುಗಳ ಚಕ್ರದ ಗುರುತು ಒಂದಿದೆ, ಕೊಲೋವ್ರಾತ್ ಅಂತಾರೆ. ಪುರಾತನ ಸ್ಲಾವ್ ಸೂರ್ಯ ಅಂತ ಅದನ್ನು ಎಲ್ಲ ಕಡೆ ಮಾರುತ್ತಾರೆ. ಈಗಿನ ಕಾಲದಲ್ಲಿ ಅದನ್ನು ಅತಿ ಬಲಪಂಥೀಯ ಗುಂಪುಗಳು ಬಾವುಟಗಳ ಮೇಲೆ ಹಾಕಿಕೊಂಡಿವೆ. ಚಂದ ಕಂಡಿತು ಅಂತ ಸುಮ್ನೆ ಚಿತ್ರದೊಳಗೆ ಸೇರಿಸಬೇಡಿ. ಸುತ್ತುವ ಆಕಾರ ಬೇಕಾದರೆ ಸುಡುವ ಗಾಡಿ ಚಕ್ರ ಇದೆ, ಕುಣಿಯುವವರ ಸುತ್ತು ಇದೆ, ಸಿಂಬೆ ಇದೆ.

ಆಕಾಶ

ಕ್ರಾಕೋವ್ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕೀವ್ ಕೂಡ ಹೆಚ್ಚು ಕಡಿಮೆ ಅಷ್ಟೇ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ, ಹುಟ್ಟುವುದು ನಾಲ್ಕೂವರೆಗೆ. ಮುಳುಗಿದ ಮೇಲೂ ಅವನು ತುಂಬ ಕೆಳಗೆ ಹೋಗುವುದಿಲ್ಲ. ಪೂರ್ತಿ ಕತ್ತಲಾಗಬೇಕಾದರೆ ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗೆ ಇಳಿಯಬೇಕು. ಆ ದಿನಗಳಲ್ಲಿ ಇಲ್ಲಿ 16, 17 ಡಿಗ್ರಿಗೇ ನಿಲ್ಲುತ್ತಾನೆ. ಬೆಲಾರೂಸಿನ ಮಿನ್ಸ್ಕ್‌ನಲ್ಲಿ 13ನ್ನೂ ಮುಟ್ಟುವುದಿಲ್ಲ. ಹಾಗಾಗಿ ರಾತ್ರಿಯಿಡೀ ಉತ್ತರದ ಅಂಚಿನಲ್ಲಿ ಒಂದು ತೆಳು ಬೆಳಕು ಉಳಿದೇ ಇರುತ್ತದೆ. ಸಂಜೆ ಅದು ವಾಯವ್ಯದಲ್ಲಿರುತ್ತದೆ, ರಾತ್ರಿ ಒಂದು ಗಂಟೆಯ ಹೊತ್ತಿಗೆ ಸರಿಯಾಗಿ ಉತ್ತರಕ್ಕೆ ಬರುತ್ತದೆ, ಆಮೇಲೆ ಈಶಾನ್ಯಕ್ಕೆ ಸರಿದು ಬೆಳಗಾಗುತ್ತದೆ.

ಚಿತ್ರ ಬರೆಯುವವರಿಗೆ ಇದು ದೊಡ್ಡ ವರ. ಉತ್ತರಕ್ಕೆ ಮುಖ ಮಾಡಿ ಬರೆದರೆ ಬೆಂಕಿಯ ಹಿಂದೆ ಹಸಿರು ಮಿಶ್ರಿತ ತಿಳಿ ನೀಲಿ ಪಟ್ಟಿ, ಅದರ ಮುಂದೆ ಮರಗಳ ಕಪ್ಪು ಸಾಲು. ದಕ್ಷಿಣಕ್ಕೆ ಮುಖ ಮಾಡಿದರೆ ಗಾಢ ನೀಲಿ, ನಕ್ಷತ್ರ, ಬೇಕಿದ್ದರೆ ಚಂದ್ರ. ಯಾವ ಕಡೆ ನೋಡುತ್ತಿದ್ದೀರಿ, ಗಂಟೆ ಎಷ್ಟು ಎಂಬುದನ್ನು ಪೆನ್ಸಿಲ್ ಹಿಡಿಯುವ ಮೊದಲೇ ಕಾಗದದ ಮೂಲೆಯಲ್ಲಿ ಬರೆದುಕೊಳ್ಳಿ.

ಚಂದ್ರನ ವಿಷಯವೂ ಹೀಗೇ. ಬೇಸಿಗೆಯಲ್ಲಿ ಸೂರ್ಯ ಎತ್ತರದಲ್ಲಿ ಓಡಾಡಿದರೆ ಹುಣ್ಣಿಮೆ ಚಂದ್ರ ಅಷ್ಟೇ ತಗ್ಗಿನಲ್ಲಿ ಓಡಾಡುತ್ತಾನೆ. ಸಾಗರದಲ್ಲಿ ಹುಣ್ಣಿಮೆ ನೋಡಲು ಕತ್ತು ಎತ್ತಬೇಕು. ಇಲ್ಲಿ ಜೂನ್ ಹುಣ್ಣಿಮೆ ಚಂದ್ರ ದಕ್ಷಿಣದ ಮರಗಳ ತುದಿ ಸವರಿಕೊಂಡು ಹೋಗುತ್ತಾನೆ. ಅಳತೆ ಬೇಕಿದ್ದರೆ, ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ಒಂದರಿಂದ ಎರಡು ಮುಷ್ಟಿ ಎತ್ತರದಲ್ಲೇ ಚಂದ್ರನನ್ನು ಇಡಿ. ತಗ್ಗಿನ ಚಂದ್ರ ಬೆಳ್ಳಿಯಂತಿರುವುದಿಲ್ಲ, ಹಳದಿಗೆ ತಿರುಗಿರುತ್ತಾನೆ. ಕುಪಾಲಾ ಹಬ್ಬ ಸೂರ್ಯನ ಲೆಕ್ಕದ್ದು, ಹುಣ್ಣಿಮೆಯೇ ಇರಬೇಕೆಂದಿಲ್ಲ. ಚಂದ್ರ ಇಲ್ಲದೆ ಬರೆಯುವುದೇ ನನಗೆ ಇಷ್ಟ, ಬೆಂಕಿಗೆ ಎದುರಾಳಿ ಇರುವುದಿಲ್ಲ.

ಬಣ್ಣದ ಲೆಕ್ಕ ಹೀಗಿದೆ. ಕಪ್ಪು ಟ್ಯೂಬನ್ನು ಪಕ್ಕಕ್ಕಿಡಿ. ಮೇಲಿನ ಆಕಾಶಕ್ಕೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿ. ಜಾಸ್ತಿ ನೀಲಿ ಹಾಕಿದರೆ ತಣ್ಣನೆಯ ಕತ್ತಲು, ಜಾಸ್ತಿ ಸಿಯೆನ್ನಾ ಹಾಕಿದರೆ ಮಣ್ಣಿನ ಕತ್ತಲು. ಒಂದೇ ಜೋಡಿಯಿಂದ ಆಕಾಶವೂ ಬಂತು, ನೆಲವೂ ಬಂತು. ಉತ್ತರದ ಪಟ್ಟಿಗೆ ಪ್ರಷ್ಯನ್ ನೀಲಿ, ಚೂರೇ ಚೂರು ವಿರಿಡಿಯನ್, ಬಿಳಿ. ಪ್ರಷ್ಯನ್ ನೀಲಿ ತುಂಬಾ ಬಲವಾದ ಬಣ್ಣ, ಕಡ್ಡಿಯ ತುದಿಯಲ್ಲಿ ಬರುವಷ್ಟು ಸಾಕು. ಅಕ್ರಿಲಿಕ್ ಆದರೆ ಒಣಗಿದ ಮೇಲೆ ಇನ್ನೂ ಸ್ವಲ್ಪ ಗಾಢವಾಗುತ್ತದೆ. ಹಾಗಾಗಿ ಹಸಿಯಾಗಿದ್ದಾಗ "ಸ್ವಲ್ಪ ಬೆಳ್ಳಗಾಯಿತೇನೋ" ಅನ್ನಿಸುವಷ್ಟಕ್ಕೇ ನಿಲ್ಲಿಸಿ.

ಕೆಂಪು ಕಪ್ಪಾಗುವ ಹೊತ್ತು

ಇದು ನನಗೆ ಅತಿ ಪ್ರೀತಿಯ ಭಾಗ. ಯಾನ್ ಎವಾಂಗೆಲಿಸ್ಟಾ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 19ನೇ ಶತಮಾನದ ಮೊದಲ ಭಾಗದಲ್ಲಿ ಒಂದು ವಿಷಯ ಗಮನಿಸಿದ. ಹಗಲಿನಲ್ಲಿ ಹೂವಿನ ಕೆಂಪು ದಳ ಎಲೆಗಿಂತ ಹೊಳೆಯುತ್ತದೆ. ಮಬ್ಬು ಬೆಳಕಿನಲ್ಲಿ ಅದೇ ದಳ ಕಪ್ಪಾಗಿ, ಎಲೆಯೇ ತಿಳಿಯಾಗಿ ಕಾಣುತ್ತದೆ. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣು ಕೆಂಪನ್ನು ಬಿಟ್ಟುಕೊಟ್ಟು ನೀಲಿ, ಹಸಿರಿನ ಕಡೆ ವಾಲುತ್ತದೆ. ಇದನ್ನು ಈಗಲೂ ಅವನ ಹೆಸರಿನಲ್ಲೇ ಕರೆಯುತ್ತಾರೆ.

ಈಗ ಕುಪಾಲಾ ಸಿಂಬೆಯನ್ನು ನೆನೆಸಿಕೊಳ್ಳಿ. ಅದರಲ್ಲಿ ಕೆಂಪು ಗಸಗಸೆ ಹೂ ಇದೆ, ನೀಲಿ ಕಾರ್ನ್‌ಫ್ಲವರ್ ಇದೆ, ಬಿಳಿ ಕ್ಯಾಮೊಮೈಲ್ ಇದೆ. ಹುಡುಗಿ ಬೆಂಕಿಯ ಪಕ್ಕ ನಿಂತಾಗ ಗಸಗಸೆ ಹೂ ಉರಿಯುತ್ತದೆ, ನೀಲಿ ಹೂ ಮಂಕಾಗಿ ಬೂದಿಯಾಗುತ್ತದೆ, ಏಕೆಂದರೆ ಬೆಂಕಿಯ ಬೆಳಕಿನಲ್ಲಿ ನೀಲಿ ತುಂಬ ಕಡಿಮೆ. ಅವಳೇ ನದಿಯ ಕಡೆ ಹತ್ತು ಹೆಜ್ಜೆ ನಡೆದರೆ ಎಲ್ಲ ತಿರುಗುಮುರುಗು. ಗಸಗಸೆ ಹೂ ಕಪ್ಪು ತೂತಿನಂತಾಗುತ್ತದೆ, ನೀಲಿ ಮತ್ತು ಬಿಳಿ ತೇಲಿಬರುತ್ತವೆ. ಒಂದೇ ಸಿಂಬೆ, ಎರಡು ಬಣ್ಣದ ತಟ್ಟೆ. ಇಬ್ಬರು ಹುಡುಗಿಯರನ್ನು, ಒಬ್ಬಳು ಬೆಂಕಿಯ ಹತ್ತಿರ, ಒಬ್ಬಳು ನೀರಿನ ಹತ್ತಿರ, ಒಂದೇ ಬಗೆಯ ಸಿಂಬೆಯೊಂದಿಗೆ ಬರೆದು ನೋಡಿ. ಕಥೆ ಹೇಳುವ ಅಗತ್ಯವೇ ಇರುವುದಿಲ್ಲ.

ಇದನ್ನು ಓದಿ ನಂಬಬೇಡಿ, ಕಣ್ಣಾರೆ ನೋಡಿ. ಸಂಜೆ ಅಂಗಳದಲ್ಲೋ ಟೆರೇಸಿನಲ್ಲೋ ಒಂದು ಕೆಂಪು ದಾಸವಾಳ, ಒಂದು ನೀಲಿ ಶಂಖಪುಷ್ಪ, ಎರಡು ಎಲೆ ಇಟ್ಟುಕೊಂಡು ಕೂರಿ. ಲೈಟ್ ಹಾಕಬೇಡಿ, ಫೋನ್ ಮುಟ್ಟಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20, 30 ನಿಮಿಷ ಬೇಕು. ಕಾಗದದ ಮೇಲೆ ಬರೀ ಪೆನ್ಸಿಲ್‌ನಲ್ಲಿ ಯಾವುದು ಗಾಢ, ಯಾವುದು ತಿಳಿ ಅಂತ ಗುರುತು ಹಾಕುತ್ತಾ ಹೋಗಿ. ದಾಸವಾಳ ಎಲೆಗಿಂತ ಕಪ್ಪಾಗುವ ಕ್ಷಣ ಖಂಡಿತ ಬರುತ್ತದೆ. ಆಮೇಲೆ ಒಂದು ದೀಪ ಹಚ್ಚಿ ಪಕ್ಕದಲ್ಲಿಡಿ, ಮತ್ತೆ ಗುರುತು ಹಾಕಿ. ಈ ಎರಡು ಕಾಗದ ನಿಮ್ಮ ಇಡೀ ಚಿತ್ರದ ಬಣ್ಣವನ್ನು ತೀರ್ಮಾನಿಸುತ್ತವೆ. ಇದರ ಫೋಟೋ ತೆಗೆದು ಪ್ರಯೋಜನವಿಲ್ಲ. ಕ್ಯಾಮೆರಾ ನಮ್ಮ ಕಣ್ಣಿನ ಹಾಗೆ ಬದಲಾಗುವುದಿಲ್ಲ, ಕತ್ತಲಲ್ಲೂ ಕೆಂಪನ್ನು ಕೆಂಪಾಗಿಯೇ ತೋರಿಸುತ್ತದೆ.

ಬೆಂಕಿ ಮತ್ತು ನೀರು

ಬೆಂಕಿಯನ್ನು ಕೆಂಪಾಗಿ ಬರೆಯುವುದು ಎಲ್ಲರೂ ಮಾಡುವ ಕೆಲಸ. ಉರಿಯ ಒಳಭಾಗ ಹೆಚ್ಚು ಕಡಿಮೆ ಬಿಳಿ ಹಳದಿ. ಕಿತ್ತಳೆ ಬಣ್ಣ ಹೊರ ಅಂಚಿನಲ್ಲಿ, ಕೆಂಪು ಇರುವುದು ಕೆಂಡದಲ್ಲಿ. ಚಿತ್ರದ ಅತಿ ತಿಳಿ ಬಣ್ಣವನ್ನು ಉರಿಯ ನಡುವಿಗೆ ಮಾತ್ರ ಮೀಸಲಿಡಿ. ಬಿಳಿ ಅಂಗಿಗಳಿಗೂ ಅದನ್ನು ಕೊಡಬೇಡಿ. ಬೆಂಕಿಯ ಪಕ್ಕ ಬಿಳಿ ಅಂಗಿ ಅಂದರೆ ಯೆಲ್ಲೋ ಓಕರ್‌ಗೆ ಸ್ವಲ್ಪ ಬಿಳಿ, ಅದರ ನೆರಳು ಬೂದು ನೀಲಿ. ಹೊಗೆಯನ್ನೂ ಮರೆಯಬೇಡಿ. ಉರಿಯ ಹತ್ತಿರ ಕೆಳಗಿನಿಂದ ಕಿತ್ತಳೆ ಬೆಳಕು ಬೀಳುತ್ತದೆ, ಮೇಲೆ ಹೋಗಿ ಕಪ್ಪು ಮರಗಳ ಎದುರು ನಿಂತಾಗ ಅದೇ ಹೊಗೆ ನೀಲಿ.

ಬೆಂಕಿಯ ಬೆಳಕು ತುಂಬ ಬೇಗ ಸೋಲುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ನಾಲ್ಕು ಪಟ್ಟಾದರೆ ಹದಿನಾರನೇ ಒಂದು. ಹಾಗಾಗಿ ಸುತ್ತು ಕುಣಿಯುವವರನ್ನು ಬರೆಯುವಾಗ ಎಲ್ಲರ ಮುಖಕ್ಕೂ ಒಂದೇ ಬೆಳಕು ಕೊಟ್ಟರೆ ಬೆಂಕಿ ಬಲ್ಬಾಗಿಬಿಡುತ್ತದೆ. ಮುಂದಿನ ಸಾಲಿನವರು ಬರೀ ನೆರಳು, ಅಂಚಿನಲ್ಲಿ ಒಂದು ಕಿತ್ತಳೆ ಗೆರೆ. ಬೆಂಕಿಯ ಆಚೆ ಇರುವವರ ಮುಖ ಪೂರ್ತಿ ಬೆಳಕು. ಅವರ ಹಿಂದಿನ ಸಾಲು ಆಗಲೇ ಮಬ್ಬು.

ಹಾರುವ ಜೋಡಿಯ ಬಗ್ಗೆ ಒಂದು ಮಾತು. ಹಾರುವಾಗ ಕೈ ಬಿಡದಿದ್ದರೆ ಅವರಿಬ್ಬರ ಬಾಳು ಒಟ್ಟಿಗೆ ಅಂತ ನಂಬಿಕೆ. ಅಂದರೆ ನೋಡುವವರ ಕಣ್ಣೆಲ್ಲ ಆ ಎರಡು ಕೈಗಳ ಮೇಲೆ. ನಿಮ್ಮ ಚಿತ್ರದ ನಡುವೂ ಅದೇ ಆಗಲಿ. ಮುಖ ಬೇಡ, ಕಾಲುಗಳನ್ನು ಹೊಗೆಯಲ್ಲಿ ಬಿಡಿ. ಎರಡು ಮುಂಗೈ ಕೂಡುವ ಜಾಗವನ್ನು ಉರಿಯ ಬಿಳಿಯ ಎದುರಿಗೆ ಕಪ್ಪಾಗಿ, ಚೂಪಾಗಿ ಬರೆಯಿರಿ. ಅವರಿಬ್ಬರ ನಡುವಿನ ಖಾಲಿ ಆಕಾರವನ್ನೂ ಅಷ್ಟೇ ಗಮನವಿಟ್ಟು ನೋಡಿ, ಉರಿ ಕಾಣುವುದು ಅದರೊಳಗೆ.

ನೀರಿಗೆ ಮನೆಯಲ್ಲೇ ಅಭ್ಯಾಸ ಮಾಡಬಹುದು. ಅಗಲವಾದ ಪರಾತ ಅಥವಾ ಬಟ್ಟೆ ನೆನೆಸುವ ಟಬ್ ತೆಗೆದುಕೊಳ್ಳಿ. ತಳಕ್ಕೆ ಕಪ್ಪು ಬಟ್ಟೆ ಹಾಸಿ ನೀರು ತುಂಬಿ. ಸಿಂಬೆ ಕಟ್ಟಿ, ನಡುವೆ ಚಿಕ್ಕ ಮೇಣದಬತ್ತಿ ಇಟ್ಟು ತೇಲಿಬಿಟ್ಟು ಕೋಣೆಯ ಲೈಟ್ ಆರಿಸಿ. ನೆಲದ ಮೇಲೆ ಕೂತು, ಕಣ್ಣು ಟಬ್ಬಿನ ಅಂಚಿನ ಮಟ್ಟಕ್ಕೆ ಬರುವ ಹಾಗೆ ನೋಡಿ. ನೀರು ಅಲುಗದಿದ್ದಾಗ ಪ್ರತಿಬಿಂಬ ಒಂದು ಚುಕ್ಕೆ. ಬೆರಳಾಡಿಸಿದ ತಕ್ಷಣ ಅದು ನಿಮ್ಮ ಕಡೆಗೆ ಉದ್ದಕ್ಕೆ ಹರಿಯುವ ಕಂಬವಾಗುತ್ತದೆ. ಪಕ್ಕಕ್ಕೆ ಹರಡುವುದು ಕಡಿಮೆ. ನೀರಿನಲ್ಲಿ ಬೆಳಕು ಸ್ವಲ್ಪ ಮಂಕಾಗುತ್ತದೆ, ಕಪ್ಪು ಸ್ವಲ್ಪ ತಿಳಿಯಾಗುತ್ತದೆ. ಸಿಂಬೆಯ ಹೂಗಳಿಗೆ ಬೆಳಕು ಒಳಗಿನಿಂದ ಬೀಳುವುದರಿಂದ ಹೊರಗಿನವರಿಗೆ ಕಾಣುವುದು ದಳಗಳ ಕಪ್ಪು ಬೆನ್ನು ಮತ್ತು ಸಂದಿಗಳಲ್ಲಿ ಬಂಗಾರ. ಇದನ್ನು ನೋಡದೆ ಬರೆದವರು ಹೂಗಳನ್ನು ಹಗಲಿನಂತೆ ಬಣ್ಣ ಬಣ್ಣವಾಗಿ ಬರೆದಿರುತ್ತಾರೆ.

ಕೈಯಾರೆ ಸಿಂಬೆ ಕಟ್ಟಿ

ನಮ್ಮ ಕಟ್ಟಡದಲ್ಲಿ ಪೋಲ್ತಾವಾ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಯುದ್ಧ ಶುರುವಾದ ಮೇಲೆ ಮಗಳ ಜೊತೆ ಇಲ್ಲಿಗೆ ಬಂದವರು. ಕಟ್ಟುವುದನ್ನು ಕಲಿಸಿದ್ದು ಅವರು. ಉದ್ದ ದಂಟಿನ ಮೂರು ನಾಲ್ಕು ಗಿಡ ಸೇರಿಸಿ ಹಿಡಿಯಿರಿ. ಹೊಸ ಹೂವನ್ನು ಅಡ್ಡಕ್ಕೆ ಇಟ್ಟು, ಅದರ ದಂಟನ್ನು ಹಿಂದಿನಿಂದ ಒಂದು ಸುತ್ತು ತಂದು, ಉಳಿದ ಬಾಲವನ್ನು ಕಟ್ಟಿನ ಜೊತೆಗೇ ಮಲಗಿಸಿ. ಮುಂದಿನ ಹೂ ಈ ಬಾಲವನ್ನೂ ಸೇರಿಸಿ ಹಿಡಿಯುತ್ತದೆ. ದಾರ ಬೇಕಿಲ್ಲ. ಹೂಗಳು ಒಂದೇ ದಿಕ್ಕಿಗೆ ವಾಲುತ್ತವೆ, ದಂಟುಗಳು ಒಳಗೆ ಹಗ್ಗದಂತೆ ತಿರುಚಿಕೊಳ್ಳುತ್ತವೆ. ಅಜ್ಜಿ ಕಟ್ಟುತ್ತಾ ಪ್ರತಿ ಗಿಡವನ್ನೂ ಬೆರಳಲ್ಲಿ ಉಜ್ಜಿ ನನ್ನ ಮೂಗಿಗೆ ಹಿಡಿಯುತ್ತಿದ್ದರು. ಹನ್ನೆರಡು ಬಗೆ ಇದ್ದರೆ ಸರಿಯಾದ ಸಿಂಬೆ ಅಂತ ಅವರ ಲೆಕ್ಕ.

ಕಟ್ಟಿ ನೋಡಿದವರ ಕೈ ಮಾತ್ರ ಆ ತಿರುಚನ್ನು ಸರಿಯಾಗಿ ಬರೆಯುತ್ತದೆ. ಇಲ್ಲದಿದ್ದರೆ ಹೂಗಳನ್ನು ಸುತ್ತಲೂ ಗುಂಡಗೆ ಅಂಟಿಸಿದಂತೆ ಬರುತ್ತದೆ. ಊರಿನಲ್ಲಿ ಇರುವವರು ಸೇವಂತಿಗೆ, ಉದ್ದ ಹುಲ್ಲು, ಮಾಚಿಪತ್ರೆ ಬಳಸಬಹುದು. ಮಾಚಿಪತ್ರೆ ಬರೀ ಬದಲಿ ಗಿಡವೂ ಅಲ್ಲ. ಇಲ್ಲಿನ ಹುಡುಗಿಯರು ರುಸಾಲ್ಕಾ ಎಂಬ ನೀರಿನ ಹೆಣ್ಣುಗಳು ಹತ್ತಿರ ಬಾರದಿರಲಿ ಅಂತ ಇಟ್ಟುಕೊಳ್ಳುವ ಗಿಡ, ಪೋಲೆಂಡಿನಲ್ಲಿ ಸೊಂಟಕ್ಕೆ ಸುತ್ತಿಕೊಂಡು ಆಮೇಲೆ ಬೆಂಕಿಗೆ ಎಸೆಯುತ್ತಿದ್ದ ಗಿಡ, ಎರಡೂ ಇದೇ ಕುಲದವು. ಎಲೆಯ ಬೂದು ಹಸಿರು, ಹಿಂಬದಿಯ ಬೆಳ್ಳಿ, ವಾಸನೆ ಎಲ್ಲ ಹತ್ತಿರ.

ಇನ್ನೊಂದು ಗಿಡ ಹೇಳಲೇಬೇಕು. ಇವಾನ್ ದ ಮಾರ್ಯಾ ಅಂತಾರೆ. ಹೂ ಹಳದಿ, ಅದರ ಮೇಲಿನ ಎಲೆಗಳು ನೇರಳೆ. ಗೊತ್ತಿಲ್ಲದೆ ಮದುವೆಯಾದ ಅಣ್ಣ ತಂಗಿ ಹೂವಾದರು ಎಂಬ ಕಥೆ ಇದಕ್ಕಿದೆ. ಹಳದಿ ನೇರಳೆ ಬಣ್ಣದ ಚಕ್ರದಲ್ಲಿ ಎದುರು ಬದುರು ಬಣ್ಣಗಳು, ಅಲ್ವಾ? ಈ ಒಂದು ಗಿಡವನ್ನೇ ದೊಡ್ಡದಾಗಿ, ಎರಡೇ ಬಣ್ಣದಲ್ಲಿ, ಎರಡು ಅಡಿ ಚೌಕದ ಕ್ಯಾನ್ವಾಸಿನಲ್ಲಿ ಬರೆದರೆ ಅದೇ ಪೂರ್ತಿ ಚಿತ್ರ.

ಕೆಂಪಿನ ವಿಷಯಕ್ಕೆ ಒಂದು ಹಳೇ ಸಂಗತಿ. ಪೋಲೆಂಡ್, ಉಕ್ರೇನ್ ಕಡೆ ಒಂದು ಗಿಡದ ಬೇರಿಗೆ ಅಂಟಿಕೊಂಡು ಬದುಕುವ ಚಿಕ್ಕ ಹುಳು ಇದೆ. ಜೂನ್ ಕೊನೆಯಲ್ಲಿ, ಸಂತ ಯೋಹಾನನ ಹಬ್ಬದ ಆಸುಪಾಸಿನಲ್ಲಿ, ಬೇರು ಅಗೆದು ಅದನ್ನು ಆರಿಸಿ ಒಣಗಿಸಿ ಕೆಂಪು ಬಣ್ಣ ತೆಗೆಯುತ್ತಿದ್ದರು. ಅಮೆರಿಕದ ಕೊಚಿನೀಲ್ ಎಂಬ ಅಂಥದೇ ಹುಳುವಿನ ಬಣ್ಣ ಬಂದ ಮೇಲೆ ಆ ವ್ಯಾಪಾರ ಕುಸಿಯಿತು. ಆ ಕೆಂಪು ತಣ್ಣನೆಯದು, ನೀಲಿಯ ಕಡೆ ವಾಲುವಂಥದ್ದು. ನಮ್ಮ ಅರಗಿನ ಕೆಂಪು ಕೂಡ ಹುಳುವಿನಿಂದಲೇ ಬರುವುದು, ಛಾಯೆಯೂ ಹತ್ತಿರ. ಟ್ಯೂಬಿನ ಬಣ್ಣದಲ್ಲಿ ಕ್ವಿನಾಕ್ರಿಡೋನ್ ಕೆಂಪು ಸರಿಹೋಗುತ್ತದೆ. ಕಸೂತಿಗೆ ಕಿತ್ತಳೆಯ ಕಡೆ ವಾಲುವ ಕೆಂಪು ಬಳಸಿದರೆ ಅದು ಬೆಂಕಿಯೊಳಗೆ ಕಳೆದುಹೋಗುತ್ತದೆ.

ಯಾರ ಚಿತ್ರ ನೋಡಬೇಕು

ರಾತ್ರಿಗೆ ಮೊದಲು ಅರ್ಖಿಪ್ ಕುಯಿಂಜಿ. ಈಗಿನ ಉಕ್ರೇನಿನ ಮರಿಯೂಪೋಲ್‌ನಲ್ಲಿ ಹುಟ್ಟಿದವನು. ದ್ನೀಪರ್ ನದಿಯ ಬೆಳದಿಂಗಳ ಚಿತ್ರವನ್ನು 1880ರಲ್ಲಿ ಕತ್ತಲ ಕೋಣೆಯಲ್ಲಿ, ಆ ಒಂದೇ ಚಿತ್ರವನ್ನು ದೀಪದ ಬೆಳಕಿನಲ್ಲಿ ತೋರಿಸಿದ. ಚಿತ್ರದ ದೊಡ್ಡ ಭಾಗ ಕತ್ತಲೇ, ಹೊಳೆಯುವ ಜಾಗ ತುಂಬ ಚಿಕ್ಕದು. ಆ ಅಳತೆಯನ್ನು ಕಲಿಯಿರಿ. ಇವಾನ್ ಕ್ರಾಮ್‌ಸ್ಕೋಯಿಯ 1871ರ "ರುಸಾಲ್ಕಿ" ನೋಡಿ. ಅಲ್ಲಿ ಬಿಳಿ ಬಟ್ಟೆಗಳು ಬಿಳಿಯಲ್ಲ, ಹಸಿರು ಬೂದಿ.

ಹೂವಿಗೆ ಕತೆರಿನಾ ಬಿಲೋಕುರ್. 1900ರಿಂದ 1961ರವರೆಗೆ ಬದುಕಿದ ಉಕ್ರೇನಿನ ಹಳ್ಳಿಯ ಹೆಂಗಸು, ಶಾಲೆ ಕಲಿಸದ ಚಿತ್ರ ತಾನೇ ಕಲಿತಳು. ಹೂ ಕೀಳುತ್ತಿರಲಿಲ್ಲ, ಗಿಡದ ಮುಂದೆಯೇ ಕೂತು ಬರೆಯುತ್ತಿದ್ದಳು. ವಸಂತದ ಹೂ, ಶರತ್ಕಾಲದ ಹೂ ಒಂದೇ ಚಿತ್ರದಲ್ಲಿ ಸೇರುತ್ತವೆ, ಏಕೆಂದರೆ ಒಂದೊಂದು ಹೂ ಅರಳುವ ತನಕ ಅವಳು ಕಾಯುತ್ತಿದ್ದಳು. ಕುಂಚದ ಹೊಡೆತಕ್ಕೆ ಉಕ್ರೇನಿನದೇ ಪೆತ್ರಿಕೀವ್ಕಾ ಹಳ್ಳಿಯ ಚಿತ್ರಗಳು. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಬೆಕ್ಕಿನ ಕೂದಲಿನ ಕುಂಚ, ಒಂದೇ ಎಳೆತದಲ್ಲಿ ಒಂದು ದಳ. ಒಂದೇ ಕುಂಚದಲ್ಲಿ ಎರಡು ಬಣ್ಣ ಅದ್ದಿ ಒತ್ತಿದರೆ ತಿಳಿಯಿಂದ ಗಾಢಕ್ಕೆ ತಾನಾಗಿ ಹೋಗುತ್ತದೆ. ಇದನ್ನು ಹಳೇ ಪೇಪರಿನ ಮೇಲೆ ಕೈ ಪಳಗುವ ತನಕ ಮಾಡಿ.

ಚಪ್ಪಟೆ ಬಣ್ಣ, ದಪ್ಪ ಆಕಾರ ಇಷ್ಟವಿದ್ದರೆ ಉಕ್ರೇನಿನ ಮರಿಯಾ ಪ್ರಿಮಾಚೆಂಕೋ ಮತ್ತು ಝೋಫಿಯಾ ಸ್ತ್ರಿಯೆನ್‌ಸ್ಕಾ. ಪ್ರಿಮಾಚೆಂಕೋ ಚಿತ್ರಗಳಿದ್ದ ಇವಾನ್‌ಕೀವ್‌ನ ಮ್ಯೂಸಿಯಂ 2022ರ ಫೆಬ್ರವರಿಯಲ್ಲಿ ರಷ್ಯಾದ ದಾಳಿಯಲ್ಲಿ ಸುಟ್ಟಿತು. ಊರಿನವರು ಉರಿಯುವ ಕಟ್ಟಡಕ್ಕೆ ನುಗ್ಗಿ ಚಿತ್ರಗಳನ್ನು ಹೊರತಂದರು. ಸ್ತ್ರಿಯೆನ್‌ಸ್ಕಾ ನಮ್ಮ ಕ್ರಾಕೋವ್‌ನವಳೇ. ಮ್ಯೂನಿಕ್ ಅಕಾಡೆಮಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದ ಕಾಲದಲ್ಲಿ, 1911ರಲ್ಲಿ, ಗಂಡು ವೇಷ ಹಾಕಿ ಹೋಗಿ ಕಲಿತವಳು. 1918ರಲ್ಲಿ ಅವಳು ತಂದ ಸ್ಲಾವ್ ದೇವತೆಗಳ ಚಿತ್ರಮಾಲೆಯಲ್ಲಿ ಹಳೇ ನಂಬಿಕೆ ಮತ್ತು ಹೊಸ ರೇಖೆ ಎಷ್ಟು ಸಲೀಸಾಗಿ ಕೂಡಿವೆ ನೋಡಿ.

ಬೆಂಗಳೂರಿನಲ್ಲಿ ಇರುವವರಿಗೆ ಒಂದು ಸೌಲಭ್ಯ ಇದೆ. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ತಂದೆ ಮಗನ ಚಿತ್ರಗಳಿವೆ. ತಂದೆ ನಿಕೊಲಾಯ್ ರೋರಿಕ್ ಹಿಮಾಲಯಕ್ಕೆ ಬರುವ ಮೊದಲು ಹಳೇ ಸ್ಲಾವ್ ಲೋಕವನ್ನೇ ಬರೆದವನು, 1901ರ "ವಿಗ್ರಹಗಳು" ಅಂಥದ್ದು. ಮಗ ಸ್ವೆತೊಸ್ಲಾವ್ ದೇವಿಕಾ ರಾಣಿ ಜೊತೆ ತಾತಗುಣಿಯಲ್ಲಿ ಬಾಳಿದವನು. ಪರಿಷತ್ತಿನಲ್ಲಿರುವ ತಂದೆಯ ಬೆಟ್ಟದ ಚಿತ್ರಗಳ ಮುಂದೆ ನಿಂತು ಒಂದೇ ಕೆಲಸ ಮಾಡಿ. ಬೆಟ್ಟ ಮರೆತು, ಒಂದು ನೀಲಿ ಇನ್ನೊಂದು ನೀಲಿಯ ಪಕ್ಕ ಹೇಗೆ ಕೂತಿದೆ ಅಂತ ನೋಡಿ. ಕುಪಾಲಾ ಆಕಾಶಕ್ಕೆ ಬೇಕಾದ ಪಾಠ ಅಲ್ಲಿದೆ.

ಬರೆಯುವ ಕ್ರಮ

ಮೊದಲು ಅಂಗೈ ಅಗಲದ ಕಾಗದಗಳಲ್ಲಿ ಬರೀ ಮೂರು ಛಾಯೆಯಲ್ಲಿ ಜೋಡಣೆ ಮಾಡಿ. ಕತ್ತಲು, ಮಬ್ಬು, ಬೆಂಕಿ. ಬೆಂಕಿಯ ಜಾಗ ಇಡೀ ಚಿತ್ರದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಕ್ಯಾನ್ವಾಸಿಗೆ ನೀರಾಗಿಸಿದ ಬರ್ನ್ಟ್ ಸಿಯೆನ್ನಾ ಬಳಿದು ಒಣಗಿಸಿ. ಮೇಲೆ ನೀಲಿ ಹಾಕುವಾಗ ಅಲ್ಲಲ್ಲಿ ಈ ಬೆಚ್ಚನೆಯ ತಳ ಇಣುಕಲಿ. ಆಕಾಶ, ಮರ, ನೀರು ಮೊದಲು. ಜನ ಆಮೇಲೆ. ಉರಿ ಕಟ್ಟಕಡೆಗೆ. ಉರಿಯನ್ನು ಮೊದಲೇ ಬರೆದರೆ ಕಣ್ಣು ಅದಕ್ಕೆ ಒಗ್ಗಿ ಉಳಿದದ್ದೆಲ್ಲ ಹೆಚ್ಚು ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಎಣ್ಣೆ ಬಣ್ಣ ಒಣಗುವುದು ತುಂಬ ತಡ, ಅಕ್ರಿಲಿಕ್ ವಾಸಿ. ಮೊಟ್ಟೆಯ ಹಳದಿಯಲ್ಲಿ ಬಣ್ಣದ ಪುಡಿ ಕಲಸಿ ಬರೆಯುವವರು ಒಂದು ತೊಟ್ಟು ಲವಂಗದ ಎಣ್ಣೆ ಸೇರಿಸಿ, ಬೇಗ ಕೆಡುವುದಿಲ್ಲ.

ಹೊಸ ಕಾಲದ ಚಿತ್ರ ಬೇಕು, ಹಬ್ಬದ ದೃಶ್ಯ ಬೇಡ ಅನ್ನುವವರಿಗೆ ನನಗೆ ತುಂಬ ಹಿಡಿಸಿದ ದಾರಿ ಎರಡು. ಒಂದು, ಸಮಯ. ರಾತ್ರಿ ಒಂಬತ್ತರಿಂದ ಬೆಳಗಿನ ನಾಲ್ಕೂವರೆವರೆಗೆ ಒಂದೇ ನದಿ ದಂಡೆ, ಒಂದೇ ಕೋನ, ಸಾಲಾಗಿ ಉದ್ದ ಕಿರಿದಾದ ಹಲಗೆಗಳು. ಬೆಳಕಿನ ಪಟ್ಟಿ ಎಡದಿಂದ ಬಲಕ್ಕೆ ಸರಿಯುತ್ತಾ ಹೋಗಲಿ, ಕಿಚ್ಚು ದೊಡ್ಡದಾಗಿ, ಕೆಂಡವಾಗಿ, ಬೂದಿಯಾಗಲಿ. ಜನ ಬೇಕೇ ಆಗುವುದಿಲ್ಲ. ಕೊನೆಯ ಹಲಗೆಯಲ್ಲಿ ಇಬ್ಬನಿ ಬಿದ್ದ ಹುಲ್ಲು, ಅದರ ಮೇಲೆ ನಡೆದುಹೋದ ಗಾಢ ಗುರುತು ಸಾಕು. ಇಬ್ಬನಿ ಇರುವ ಹುಲ್ಲು ಬೆಳ್ಳಗೆ, ಕಾಲು ತಾಗಿದ ಜಾಗ ಕಡು ಹಸಿರು.

ಎರಡನೆಯದು ಜರೀಗಿಡದ ಹೂ. ಆ ಒಂದು ರಾತ್ರಿ ಅರಳುತ್ತದೆ, ಸಿಕ್ಕವರಿಗೆ ನೆಲದೊಳಗಿನ ನಿಧಿ ಕಾಣುತ್ತದೆ ಅಂತ ನಂಬಿಕೆ. ಜರೀಗಿಡಕ್ಕೆ ಹೂವೇ ಇಲ್ಲ, ಎಲೆಯ ಹಿಂದಿನ ಕಂದು ಚುಕ್ಕೆಗಳಿಂದಲೇ ಅದರ ಸಂತಾನ. ಮಲೆನಾಡಿನಲ್ಲಿ ಬೆಳೆದವರಿಗೆ ಈ ಚುಕ್ಕೆ ಚೆನ್ನಾಗಿ ಗೊತ್ತು. ಇಲ್ಲದ ಹೂವನ್ನು ಕೆಂಪಗೆ ಬರೆದರೆ ಅದು ಮಾಮೂಲಿ ಹೂವಾಗುತ್ತದೆ. ನಾನು ಜರೀ ಎಲೆಗಳನ್ನು ಒಂದರ ಮೇಲೊಂದು, ಹಸಿರಿನ ಹತ್ತಾರು ಕತ್ತಲುಗಳಲ್ಲಿ ಬರೆದು, ನಡುವೆ ಒಂದು ಜಾಗದಲ್ಲಿ ಕ್ಯಾನ್ವಾಸಿನ ಬರಿ ಬಿಳಿಯನ್ನು ಹಾಗೇ ಬಿಡುತ್ತೇನೆ. ಸುತ್ತಲಿನ ಎಲೆಗಳ ಅಂಚಿಗೆ ಮಾತ್ರ ಅಲ್ಲಿಂದ ಬೆಳಕು ಬಿದ್ದಂತೆ ತಿಳಿ ಹಳದಿ. ಬಿಳಿ ಜಾಗಕ್ಕೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ, ಸಿಯೆನ್ನಾ ತಳವೂ ಅಲ್ಲಿಗೆ ಹೋಗದಿರಲಿ.

ಮುಗಿದ ಚಿತ್ರವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ತೀರ್ಮಾನ ಮಾಡಬೇಡಿ. ಟ್ಯೂಬ್‌ಲೈಟಿನಲ್ಲಿ ನೀಲಿ ಉಬ್ಬುತ್ತದೆ, ಕೆಂಡ ಸಾಯುತ್ತದೆ. ಹಗಲಿನ ಬೆಳಕಿನಲ್ಲಿ ಒಮ್ಮೆ, ಹಳದಿ ಬೆಳಕಿನ ಎಲ್ಇಡಿ ಬಲ್ಬಿನ ಕೆಳಗೆ ಒಮ್ಮೆ ನೋಡಿ. 2700 ಕೆಲ್ವಿನ್ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನು ತನ್ನಿ. ಎರಡರಲ್ಲೂ ಉರಿಯೇ ಮೊದಲು ಕಣ್ಣಿಗೆ ಬಿದ್ದು, ಆಮೇಲೆ ಉತ್ತರದ ಆ ತೆಳು ಪಟ್ಟಿ ಕಂಡರೆ ಚಿತ್ರ ಮುಗಿಯಿತು. ಹಿಂಬದಿಯಲ್ಲಿ ಯಾವ ಊರಿನ ಹಬ್ಬ, ಯಾವ ತಾರೀಖು, ಯಾವ ಗಂಟೆ, ಯಾವ ದಿಕ್ಕು ಅಂತ ಬರೆದಿಡಿ. ಮುಂದಿನ ಚಿತ್ರ ಶುರು ಮಾಡುವಾಗ ಅದು ಬೇಕಾಗುತ್ತದೆ.